ಐದೂಮುಕ್ಕಾಲಿನ ಸದ್ದು

ಅವಳು ಸದ್ದು ಕಳಿಸಿರಲಿಲ್ಲ. ಆದರೂ ಯಂತ್ರದ ಮೇಲಿನ ಹಸಿರು ದೀಪ ಹತ್ತಿತು. ಗಾಜಿನ ಆಚೆ, ಹೊರಗಿನ ಸದ್ದು ನುಗ್ಗದಂತೆ ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಚಿಕ್ಕ ಕೋಣೆಯಲ್ಲಿ, ಮುದುಕ ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಗುಂಡಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂತಿದ್ದ. ಕೇಳಿಸಿದಾಗ ಒತ್ತಿ, ಎಷ್ಟು ಸಣ್ಣಗೆ ಕೇಳಿಸಿದರೂ ಒತ್ತಿ ಎಂದು ಅವಳು ಬಿಳಿ ಹಲಗೆಯಲ್ಲಿ ಬರೆದು ತೋರಿಸಿದ್ದಳು. ಮತ್ತೆ ದೀಪ ಹತ್ತಿತು. ಇಲ್ಲದ ಸದ್ದಿಗೆ ಒತ್ತುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ನಪಾಸಾಗುವ ಹೆದರಿಕೆಗೆ ಒತ್ತುತ್ತಾರೆ, ಬೇಗ ಮುಗಿಯಲಿ ಎಂದು ಒತ್ತುತ್ತಾರೆ, ಕೆಲವರಂತೂ ಪರೀಕ್ಷೆ ಮಾಡುವವಳಿಗೆ ಬೇಜಾರಾಗಬಾರದೆಂದೇ ಒತ್ತುತ್ತಾರೆ. ಹದಿನಾಲ್ಕು ವರ್ಷಗಳಿಂದ ಇದೇ ಕುರ್ಚಿಯಲ್ಲಿ ಕೂತು ಅವಳು ಅಂಥವಕ್ಕೆಲ್ಲ ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಸೊನ್ನೆ ಹಾಕುತ್ತ ಬಂದಿದ್ದಳು. ಇವತ್ತು ಸೊನ್ನೆ ಹಾಕಲು ಹೋದ ಪೆನ್ನು ಹಾಳೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದಷ್ಟೇ ಗೊತ್ತಿತ್ತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದ ಹಾಗಿರುತ್ತದಲ್ಲ, ಹಾಗೆ.

ಬೆಳಿಗ್ಗೆ ಪಟ್ಟಿಯಲ್ಲಿ ಮುದುಕನ ವಿಳಾಸ ಕಂಡಾಗಲೇ ಅವನನ್ನು ಬೇರೆಯವರಿಗೆ ದಾಟಿಸಿಬಿಡಬೇಕು ಅಂದುಕೊಂಡಿದ್ದಳು. ಜೊತೆಗೆ ಕೆಲಸ ಮಾಡುವ ಇನ್ನೊಬ್ಬಳು ರಜೆ ಹಾಕಿದ್ದಳು. ಪರೀಕ್ಷೆಗೆ ಮುಂಚೆ ಹೊರಗೆ ಬೆಂಚಿನ ಮೇಲೆ ಮುದುಕನ ಪಕ್ಕದಲ್ಲಿ ಅವನ ಮಗ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವಳು ನಾಲ್ಕನೇ ಮಹಡಿಯಲ್ಲಿರುವ ಕಟ್ಟಡದಲ್ಲೇ ಎರಡನೇ ಮಹಡಿಯವನು. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು. ನಲವತ್ತು ದಾಟಿದೆ, ಕಿವಿಯ ಮೇಲೆ ನರೆ ಬಂದಿದೆ, ಬೆರಳ ತುದಿಗಳಲ್ಲಿ ಅಂಟು ಒಣಗಿ ಚರ್ಮ ಬೆಳ್ಳಗಾಗಿದೆ. ಬೈಕಿನ ಸದ್ದಿಗೆ ಕಟ್ಟಡದವರು ಅವನಿಗೆ ಇಟ್ಟ ಹೆಸರು ಫಟಫಟಿ. ಹತ್ತಿರದಿಂದ ನೋಡಿದ ಮೇಲೂ ಆ ಹೆಸರೇ ಅವಳ ಬಾಯಿಗೆ ಮೊದಲು ಬಂತು, ನುಂಗಿಕೊಂಡಳು. ಅವನು ಎದ್ದು ನಿಂತು, ಅಪ್ಪನನ್ನು ಬೆಂಚಿನ ಮೇಲೇ ಬಿಟ್ಟು, ಅವಳನ್ನು ಒಂದು ಮಾರು ಆಚೆ ಕರೆದ.

"ಹತ್ತು ದಿನ ಆಯ್ತು ಮೇಡಂ. ಕಿವಿ ಪೂರ್ತಿ ಹೋಯ್ತು ಅಂತ ಕೂತ್ಬಿಟ್ಟಿದಾರೆ. ಕಿಟಕಿ ಹತ್ರ ಬರಲ್ಲ, ಊಟಕ್ಕೆ ಕರೆದ್ರೆ ಏಳಲ್ಲ. ಗೋಡೆ ಕಡೆ ತಿರುಗಿ ಮಲಗಿರ್ತಾರೆ. ನಿನ್ನ ಕಿವಿ ಹೋಗಿಲ್ಲಪ್ಪ, ನಾನು ಗಾಡಿ ಸೈಲೆನ್ಸರ್ ಬದಲಾಯಿಸ್ದೆ, ಅದಕ್ಕೇ ಕೇಳ್ತಿಲ್ಲ ಅಂತ ಬರ್ದು ತೋರಿಸ್ದೆ. ನನ್ನ ಸಮಾಧಾನಕ್ಕೆ ಹೇಳ್ತಿದೀಯ ಬಿಡು ಅಂತಾರೆ."

"ಹೂಂ," ಅಂದಳು ಅವಳು.

"ನಿಮ್ಮ ಮಾತು ನಂಬ್ತಾರೆ. ಹೋದ ವರ್ಷ ನೀವೇ ಹೇಳಿದ್ರಲ್ಲ, ದಪ್ಪ ಸದ್ದು ಇನ್ನೂ ಕೇಳುತ್ತೆ ಅಂತ. ಅದಕ್ಕೇ ನಾನು ಗಾಡಿಗೆ ಆ ಜೋರು ಸದ್ದಿನ ಪೈಪ್ ಹಾಕ್ಸಿದ್ದು."

ಯಾವ ಮಾತ್ರೆ ಎಷ್ಟು ದಿನ ತಗೊಂಡೆ ಎಂದು ಹೇಳುವವರ ದನಿಯಲ್ಲಿ ಅದನ್ನು ಹೇಳಿದ. ದೂರೂ ಇರಲಿಲ್ಲ, ಏನೂ ಇರಲಿಲ್ಲ. ಸಾಯಂಕಾಲ ಐದೂಮುಕ್ಕಾಲಿಗೆ ಗೇಟಿನ ಹತ್ತಿರ ಸದ್ದು ಕೇಳಿದ್ದೇ ಅಪ್ಪ ಕಿಟಕಿಯಿಂದ ಎದ್ದು ಬಂದು ಬಾಗಿಲು ತೆಗೆದು ನಿಲ್ಲುತ್ತಿದ್ದರಂತೆ. ಹಾಗಾಗಿ ಇವನು ಮನೆಯ ಬೀಗದ ಕೈ ಒಯ್ಯುವುದನ್ನೇ ಬಿಟ್ಟಿದ್ದನಂತೆ. ಸೈಲೆನ್ಸರ್ ಬದಲಾಯಿಸಿದ ದಿನ ತನ್ನ ಮನೆಯ ಬಾಗಿಲ ಮುಂದೆ ತಾನೇ ಒಂದು ಗಂಟೆ ನಿಂತಿದ್ದ. ಕರೆಗಂಟೆ ಒತ್ತಿ ಏನು ಪ್ರಯೋಜನ. "ಈಗ ಕೀಲಿ ಇಟ್ಕೊಂಡಿದೀನಿ ಮೇಡಂ. ತೆಗೆದು ಒಳಗೆ ಹೋದ್ರೆ ಕಳ್ಳ ಬಂದ ಹಾಗೆ ಬೆಚ್ಚಿ ಬೀಳ್ತಾರೆ," ಅಂದು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಅವಳು ಕಡಿಮೆ ಕಂಪನದ ದಪ್ಪ ಸದ್ದಿಗೆ ಗುಬುಟು ತಿರುಗಿಸಿದಳು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ, ಮತ್ತೆ ಮೇಲೆ. ದೀಪ ಹತ್ತಿತು. ಇದು ನಿಜವಾದದ್ದು. ಹೋದ ವರ್ಷದ ಹಾಳೆ ಪಕ್ಕದಲ್ಲೇ ಇತ್ತು. ಅವತ್ತೂ ಇದೇ ಗುರುತಿನಲ್ಲಿ ಹತ್ತಿತ್ತು. ಅವತ್ತು ಮುದುಕ ಕೋಣೆಯಿಂದ ಹೊರಗೆ ಬಂದವನೇ, ಆಸ್ಪತ್ರೆಯೆಲ್ಲ ತಿರುಗಿ ನೋಡುವ ಹಾಗೆ, "ಎಷ್ಟು ಉಳಿದಿದೆ ತಾಯಿ?" ಎಂದು ಕೂಗಿ ಕೇಳಿದ್ದ. ಬಟ್ಟೆ ಗಿರಣಿಯಲ್ಲಿ ಮೂವತ್ತೈದು ವರ್ಷ ಮಗ್ಗಗಳ ನಡುವೆ ನಿಂತವನು. ಕೂಗದೆ ಮಾತಾಡುವುದು ಅವನಿಗೆ ಗೊತ್ತೇ ಇಲ್ಲ. ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಒಬ್ಬರ ತುಟಿ ಒಬ್ಬರು ಓದುವುದನ್ನು ಕಲಿತಿದ್ದರಂತೆ. ಅವಳು ಹಾಳೆಯ ಮೇಲೆ ಮೆಟ್ಟಿಲಿಳಿದ ಹಾಗೆ ಇಳಿದ ಗೆರೆಯನ್ನು ಬೆರಳಲ್ಲಿ ತೋರಿಸುತ್ತ, ಹಕ್ಕಿ ಕೂಗು, ಗಂಟೆ, ಮಕ್ಕಳ ಮಾತು ಇವೆಲ್ಲ ಈ ಕಡೆ, ಇದು ಹೋಗಿದೆ, ದಪ್ಪ ಸದ್ದು ಈ ಕಡೆ, ಇದು ಸ್ವಲ್ಪ ಇದೆ ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದ್ದಳು. ದಪ್ಪ ಸದ್ದು ಅಂದ್ರೆ ಯಾವುದು ಎಂದು ಮುದುಕ ಕೇಳಿದ್ದ. ಗುಡುಗು, ಲಾರಿ, ದೊಡ್ಡ ಬೈಕು ಅಂದಿದ್ದಳು. ಬಾಗಿಲ ಹತ್ತಿರ ಮಗ ಇದೇ ಹೆಲ್ಮೆಟ್ ಹಿಡಿದು ನಿಂತಿದ್ದ. ಕಿವಿಯ ಯಂತ್ರ ಹಾಕಿದರೆ ತಲೆಯೊಳಗೆ ತಗಡು ಬಡಿದ ಹಾಗಾಗುತ್ತದೆ ಎಂದು ಮುದುಕ ಅದನ್ನು ಡ್ರಾಯರಿನಲ್ಲಿ ಹಾಕಿಟ್ಟಿದ್ದ. ಗಡಿಬಿಡಿಯ ದಿನ, ಹೊರಗೆ ಇನ್ನೂ ಎಂಟು ಜನ ಕಾಯುತ್ತಿದ್ದರು. ಬೈಕು ಎಂಬ ಮಾತನ್ನು ಅವಳು ಯೋಚಿಸಿಯೇನೂ ಆಡಿರಲಿಲ್ಲ. ಬಾಯಿಗೆ ಬಂತು, ಅಂದಳು.

ಅದಾದ ಕೆಲವೇ ದಿನಕ್ಕೆ ಕಟ್ಟಡದಲ್ಲಿ ಆ ಸದ್ದು ಶುರುವಾಯಿತು. ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಹೋಗುವಾಗ ಒಮ್ಮೆ, ಐದೂಮುಕ್ಕಾಲಿಗೆ ಬರುವಾಗ ಒಮ್ಮೆ. ಗೇಟು ದಾಟಿ ಒಳಗೆ ಬಂದಾಗ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು. ತಲೆಯೊಳಗೆ ಏನೂ ಇಲ್ಲದವರಿಗೇ ಪೈಪಿನಲ್ಲಿ ಅಷ್ಟು ಸದ್ದು ಬೇಕಾಗೋದು ಎಂದು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಅಂದಾಗ ಎಲ್ಲರೂ ನಕ್ಕರು. ಬೈಕಿನವರ ಜಾತಿಯೇ ಅಷ್ಟು, ಹೇಳೋರು ಕೇಳೋರು ಇಲ್ಲ, ಹಿಂದೆ ಒಂದು ಹುಡುಗಿಯನ್ನು ಕೂರಿಸಿಕೊಂಡರಂತೂ ಮುಗಿದೇ ಹೋಯಿತು ಎಂದು ಇನ್ಯಾರೋ ಅಂದರು. ನಲವತ್ತು ದಾಟಿದ ಆ ಮನುಷ್ಯನ ಬೈಕಿನ ಹಿಂದೆ ರಟ್ಟಿನ ಕಟ್ಟುಗಳಲ್ಲದೆ ಬೇರೇನೂ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅದೇನೂ ಅಡ್ಡಿಯಾಗಲಿಲ್ಲ. ಅವಳಿಗೆ ಆ ಸದ್ದಿನಿಂದ ನಿಜವಾಗಿ ತೊಂದರೆಯಾಗುತ್ತಿತ್ತೇ ಎಂದು ಯಾರಾದರೂ ಕೇಳಿದ್ದರೆ ಅವಳು ತಡವರಿಸುತ್ತಿದ್ದಳು. ಮನೆಯಲ್ಲಿ ಗಂಡ ಪೇಪರು ಹಿಡಿದು ಕೂತಿರುತ್ತಿದ್ದ, ಅವಳು ಪಾತ್ರೆ ಒರೆಸುತ್ತಿದ್ದಳು, ಇಬ್ಬರ ನಡುವೆ ಗಡಿಯಾರ ಮಾತ್ರ ಮಾತಾಡುತ್ತಿತ್ತು. ಆ ಸದ್ದು ಬಂದಾಗ ಗಂಡ ಪೇಪರು ಇಳಿಸಿ, "ಬಂದ ನೋಡು," ಅನ್ನುತ್ತಿದ್ದ. ಅವಳು, "ಹೂಂ, ಬಂದ," ಅನ್ನುತ್ತಿದ್ದಳು. ಇಡೀ ಸಾಯಂಕಾಲಕ್ಕೆ ಅಷ್ಟೇ ಮಾತು.

ಅರ್ಜಿ ಬರೆಯಬೇಕು ಎಂದು ಕಟ್ಟಡದವರು ಅಂದುಕೊಂಡಾಗ ಗಂಡ, "ನೀನೇ ಬರಿ. ನಿನ್ನ ಕೆಲಸವೇ ಅದಲ್ವಾ, ತೂಕ ಇರುತ್ತೆ," ಅಂದ. ಎಷ್ಟೋ ಕಾಲದ ಮೇಲೆ ಅವನು ಅವಳನ್ನು ಏನಾದರೂ ಕೇಳಿದ್ದ. ಆಸ್ಪತ್ರೆಯ ಸದ್ದಳೆಯುವ ಮೀಟರನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ಬಾಲ್ಕನಿಯಲ್ಲಿ ನಿಂತು ಹಿಡಿದಳು. ಎಪ್ಪತ್ತೊಂದು ಡೆಸಿಬೆಲ್ ಬಂತು. ಎಪ್ಪತ್ತೊಂದು ಎಂದು ಬರೆದರೆ ಯಾರೂ ಹೌಹಾರುವುದಿಲ್ಲ. ಮಾರನೆಯ ದಿನ ಕೆಳಗಿನ ನೆಲಮಾಳಿಗೆಯಲ್ಲಿ, ಗಾಡಿ ನಿಲ್ಲಿಸುವ ಜಾಗದಲ್ಲಿ, ಕಂಬದ ಮರೆಗೆ ನಿಂತು ಹಿಡಿದಳು. ಎಂಬತ್ತೆಂಟು. ನಾಲ್ಕು ಕಡೆ ಗೋಡೆಯಿದ್ದರೆ ಸದ್ದು ಬಡಿದು ವಾಪಸು ಬರುತ್ತದೆ, ಅಂಥಲ್ಲಿ ಅಳೆಯಬಾರದು ಎಂಬುದು ಅವಳ ಕೆಲಸದಲ್ಲಿ ಮೊದಲ ವಾರ ಕಲಿಸುವ ಪಾಠ. ಅವಳೇ ಅದನ್ನು ಹೊಸಬರಿಗೆ ಕಲಿಸುತ್ತಿದ್ದಳು. ಎಂಬತ್ತೆಂಟು ಎಂದೇ ಬರೆದಳು, ಕೆಳಗೆ ಒಂದು ಗೆರೆಯನ್ನೂ ಎಳೆದಳು. ಆಗ ಮುದುಕನ ನೆನಪು ಬಂದಿರಲಿಲ್ಲ ಎಂದು ಈ ಹತ್ತು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಅದೂ ಪೂರ್ತಿ ನಿಜವಲ್ಲ. ನೆನಪು ಬಾಗಿಲ ತನಕ ಬಂದು ನಿಂತಿತ್ತು, ಅವಳು ಒಳಗೆ ಬಾ ಅಂದಿರಲಿಲ್ಲ.

ಸಭೆಯಲ್ಲಿ ಕಾರ್ಯದರ್ಶಿ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಎಂಬತ್ತೆಂಟು ಬಂದಾಗ ಒಂದಿಬ್ಬರು ಲೊಚಗುಟ್ಟಿದರು, ಅವಳಿಗೆ ಒಳಗೊಳಗೇ ಹಿತವಾಯಿತು. ಕೆಳಗೆ ಇಪ್ಪತ್ತಾರು ಸಹಿ, ಬರೆದವರ ಹೆಸರಿಲ್ಲ. ಬೈಂಡರು ಕೊನೆಯ ಸಾಲಿನ ಹಿಂದೆ ನಿಂತಿದ್ದ. ಕುರ್ಚಿ ಖಾಲಿಯಿದ್ದರೂ ಯಾರೂ ಕೂರು ಅನ್ನಲಿಲ್ಲ, ಅವನೂ ಕೂರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, "ಅಲ್ಲಪ್ಪ, ಮನೇಲಿ ಹಿರಿಯರು ಅಂತ ಯಾರೂ ಇಲ್ವೋ ನಿಮಗೆ?" ಅಂದರು. "ಇದಾರೆ ಸಾರ್," ಅಂದ ಅವನು. ಹಾಗೆ ಥಟ್ಟನೆ ಅಂದದ್ದಕ್ಕೆ ಎಲ್ಲರೂ ಗೊಳ್ಳನೆ ನಕ್ಕರು. ಅವಳೂ ನಕ್ಕಳು. ಅವಳ ನಗು ಉಳಿದವರದಕ್ಕಿಂತ ಒಂದು ಕ್ಷಣ ತಡವಾಗಿ ಬಂತು, ಅದು ಅವಳ ಕಿವಿಗೇ ಬಿತ್ತು. "ಆಯ್ತು, ಬದಲಾಯಿಸ್ತೀನಿ," ಅಂದು ಅವನು ಹೊರಟುಹೋದ. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ಎಂದು ಈಗ ಅವಳಿಗೆ ಅವನ ಮೇಲೆ ಸಿಟ್ಟು ಬಂದ ಹಾಗಾಯಿತು. ಸಿಟ್ಟೂ ನೆಟ್ಟಗೆ ಬರಲಿಲ್ಲ, ಅರ್ಧಕ್ಕೆ ಬಂದು ಆರಿಹೋಯಿತು.

ಕೊನೆಯ ಗುರುತು ಹಾಕಿ ಚುಕ್ಕಿಗಳನ್ನು ಸೇರಿಸಿದಾಗ ಹೊಸ ಗೆರೆ ಹಳೆಯ ಗೆರೆಯ ಮೇಲೆಯೇ ಕೂತಿತು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳು ಕೋಣೆಯ ಭಾರದ ಬಾಗಿಲು ತೆಗೆದು, ಮುದುಕನ ಕಿವಿಯಿಂದ ಹೆಡ್‌ಫೋನು ಬಿಡಿಸಿ, ಮೇಜಿನ ಎದುರು ಕೂರಿಸಿದಳು. ಮಗ ಬಂದು ಬಾಗಿಲಿಗೆ ಒರಗಿ ನಿಂತ. ಮುದುಕ ಅವಳ ಬಾಯನ್ನೇ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಯಾವ ಗಂಡಸೂ ಅವಳ ಬಾಯನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಅವಳಿಗೆ ಅದನ್ನು ತಡೆಯಲಾಗಲಿಲ್ಲ, ಬಿಳಿ ಹಲಗೆ ಎತ್ತಿಕೊಂಡು ಬರೆದಳು: ಕಿವಿ ಹೋದ ವರ್ಷ ಇದ್ದಷ್ಟೇ ಇದೆ. ಏನೂ ಕಡಿಮೆಯಾಗಿಲ್ಲ.

ಮುದುಕ ಓದಿದ. ಮಗನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದ. "ಇವನು ಹೇಳಿಕೊಟ್ನಾ?" ಎಂದು ಕೂಗಿದ. ಹೊರಗೆ ಬೆಂಚಿನಲ್ಲಿದ್ದವರು ಇಣುಕಿದರು.

ಅವಳು ಇಲ್ಲವೆಂದು ತಲೆಯಾಡಿಸಿ ಎರಡೂ ಹಾಳೆಗಳನ್ನು ಅವನ ಮುಂದಿಟ್ಟಳು. ಅವನು ಅದನ್ನು ನೋಡಲೂ ಇಲ್ಲ. "ಗೆರೆ ಎಳೆಯೋದು ನಿಮ್ಮ ಕೈಲೇ ಇದೆ ತಾಯಿ. ನಾನು ಒಳಗೆ ಕೂತು ಇಲ್ಲದ್ದಕ್ಕೆಲ್ಲ ಒತ್ತಿದೀನಿ, ನಂಗೆ ಗೊತ್ತಿಲ್ವಾ. ಕೇಳಿದ ಹಾಗೆ ಆಗುತ್ತೆ, ಒತ್ತುತೀನಿ. ನೀವು ಒಳ್ಳೇರು, ಪಾಸು ಮಾಡಿದೀರಿ."

ಅವಳು ಹಲಗೆ ಒರೆಸಿ ಬರೆದಳು: ಬೈಕಿನ ಸದ್ದು ಕಮ್ಮಿಯಾಗಿದೆ. ಕಟ್ಟಡದಲ್ಲಿ ಅರ್ಜಿ ಕೊಟ್ಟರು. ನಿಮ್ಮ ಮಗ ಹೇಳಿದ್ದು ನಿಜ.

"ಯಾರು ಕೊಟ್ರು?"

ಅವಳು ಹಲಗೆಯನ್ನು ಮತ್ತೆ ಒರೆಸಿದಳು. ಬರೆದಳು: ಎಲ್ಲರೂ.

ಬಾಗಿಲಲ್ಲಿ ನಿಂತವನು ಅದನ್ನು ಓದಿದ್ದು ಅವಳಿಗೆ ಕಂಡಿತು. ಓದಿ, ಹೆಲ್ಮೆಟ್ಟಿನ ಗಾಜಿನ ಮೇಲಿದ್ದ ಏನನ್ನೋ ಉಗುರಿನಿಂದ ಕೆರೆಯತೊಡಗಿದ. ಮುದುಕನ ಮುಖದಲ್ಲಿ ಒಂದು ನಗು ಬಂತು, ಮಕ್ಕಳು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡಾಗ ದೊಡ್ಡವರು ನಗುವಂಥದ್ದು. "ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂತ ಅರ್ಥ," ಅಂದ. "ಗಿರಣೀಲೂ ಹಂಗೇ. ಏನಾದ್ರೂ ಮುರಿದ್ರೆ ಯಾರಪ್ಪಾ ಮುರಿದೋರು ಅಂದ್ರೆ ಎಲ್ಲರೂ. ಇರಲಿ ಬಿಡಿ. ಹೋದದ್ದು ಹೋಯ್ತು. ನಡಿಯೋ, ಹೋಗೋಣ." ಮೇಜಿಗೆ ಕೈಯೂರಿ ಏಳಲು ನೋಡಿದ. ಇಲ್ಲಿಂದ ನೇರ ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಾನೆ, ಇನ್ನು ಏಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಂಥವರನ್ನು ಅವಳು ನೋಡಿದ್ದಳು. ಕಿವಿ ಹೋದದ್ದಕ್ಕಲ್ಲ, ಇನ್ನು ಕಾಯುವುದು ಏನೂ ಇಲ್ಲ ಎಂದು ಮಲಗುವವರು.

ಅವಳು ಹಲಗೆ ಕೆಳಗಿಟ್ಟು ಅವನ ತೋಳು ಮುಟ್ಟಿದಳು. ಅವನು ತಿರುಗಿ ಅವಳ ಬಾಯಿ ನೋಡಿದ. ಮಗನಿಗೆ ಬೆನ್ನು ಮಾಡಿ, ದನಿ ಹೊರಡಿಸದೆ, ತುಟಿಯನ್ನಷ್ಟೇ ಆಡಿಸಿ, ನಾನು, ಅಂದಳು. ನಾನು ಬರೆದದ್ದು. ಇಷ್ಟೂ ಮಾಡುವಾಗ ತಾನು ಎಂಥ ಜಾಣತನ ಮಾಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಕೇಳಬೇಕಾದವನಿಗೆ ಕೇಳಿಸುತ್ತದೆ, ಇನ್ನೊಬ್ಬನಿಗೆ ಕೇಳಿಸುವುದಿಲ್ಲ.

"ನೀವಾ ಬರೆದಿದ್ದು ಅರ್ಜಿ?" ಎಂದು ಮುದುಕ ಕೂಗಿದ. ಮಗ್ಗಗಳ ಸದ್ದನ್ನು ಮೀರಿಸಿ ಅಭ್ಯಾಸವಾದ ಗಂಟಲು. ಕೋಣೆ, ಹೊರಗಿನ ಬೆಂಚು, ಚೀಟಿ ಬರೆಸುವ ಕಿಟಕಿಯ ತನಕ ಅದು ಹೋಗಿ ಮುಟ್ಟಿತು. ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿದಳು. ಮುದುಕನಿಗೆ ಅವಳು ಹೌದೆಂದು ತಲೆ ಆಡಿಸಿದಳು. ಈಗಲಾದರೂ ಮುಖ ಬಿಸಿಯಾಗುತ್ತದೆಂದು ಕಾದಳು. ಆಗಲಿಲ್ಲ.

ಮುದುಕ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ ಕೂತ. "ನಿಜ ಹೇಳ್ತಿದೀರಿ," ಅಂದ. ಅವನ ಭುಜಗಳು ಇಳಿದವು. ಮೇಜಿನ ಮೇಲಿದ್ದ ಎರಡು ಹಾಳೆಗಳನ್ನು ಈಗ ಹತ್ತಿರ ಎಳೆದುಕೊಂಡು, ಎರಡೂ ಗೆರೆಗಳ ಮೇಲೆ ಬೆರಳಾಡಿಸಿದ. "ಹಾಗಾದ್ರೆ ಇದೆ," ಅಂದ. ಬೆರಳನ್ನು ಹಾಳೆಯ ಮೇಲೇ ಇಟ್ಟುಕೊಂಡು, "ನಿಮಗೆ ಕೇಳ್ತಿತ್ತಾ? ನಾಲ್ಕನೇ ಮಹಡಿಗೂ?"

"ಕೇಳ್ತಿತ್ತು," ಅಂದಳು, ಈ ಸಲ ದನಿ ತೆಗೆದು.

"ಚೆನ್ನಾಗಿತ್ತಲ್ಲ?"

ಅವನಿಗೆ ಸಿಟ್ಟು ಬಂದಿರಲಿಲ್ಲ. ಕೊಂಕೂ ಇರಲಿಲ್ಲ. ತಾನು ಕಂಡ ಊರನ್ನು ಇನ್ನೊಬ್ಬರೂ ಕಂಡಿದ್ದಾರೆ ಎಂದು ತಿಳಿದವನ ಆಸೆಯಿತ್ತು. ಹೇಗಿತ್ತು ಎಂದು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾದದ್ದು ಎಂಬತ್ತೆಂಟು. ಆಮೇಲೆ ಎಪ್ಪತ್ತೊಂದು. "ಹೂಂ," ಅಂದಳು. ಬೆಂಚಿನಲ್ಲಿದ್ದವರು ಬೇರೆ ಕಡೆ ನೋಡಿದರು.

ಮುದುಕ ಚೀಟಿ ತೆಗೆದುಕೊಳ್ಳಲು ಕಿಟಕಿಯ ಕಡೆ ಹೋದಾಗ ಮಗ ಹಿಂದೆ ಉಳಿದ. ಏನಾದರೂ ಹೇಳಬೇಕು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ, "ನಂಗೆ ಗೊತ್ತಿತ್ತು ಮೇಡಂ," ಅಂದ. "ಅರ್ಜೀಲಿ ಎಂಬತ್ತೆಂಟು ಅಂತ ಇತ್ತಲ್ಲ. ಕಟ್ಟಡದಲ್ಲಿ ಬೇರೆ ಯಾರು ಅಳೀತಾರೆ."

"ಗೊತ್ತಿದ್ದೂ ಇಲ್ಲಿಗೆ ಕರ್ಕೊಂಡ್ ಬಂದ್ರಾ?"

"ನೀವು ಹೇಳಿದ್ರೇನೇ ಅಪ್ಪ ನಂಬೋದು. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ." ಅವನು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಥ್ಯಾಂಕ್ಸ್ ಮೇಡಂ."

ಆ ಪೈಪು ಇನ್ನೂ ಇದೆಯಾ, ಮತ್ತೆ ಹಾಕಿಸಿ, ನಾನು ಸಭೆಯಲ್ಲಿ ಮಾತಾಡುತ್ತೇನೆ, ನೆಲಮಾಳಿಗೆಯಲ್ಲಿ ಅಳೆದದ್ದು ತಪ್ಪು ಎಂದು ಹೇಳುತ್ತೇನೆ. ಇಷ್ಟೂ ಅವಳ ತಲೆಯಲ್ಲಿ ಸಾಲಾಗಿ ಬಂದು ನಿಂತವು. "ಗಾಡಿ..." ಅಂದಳು. "ಈಗ ಒಂಚೂರೂ ಸದ್ದಿಲ್ಲ ಮೇಡಂ, ಯೋಚನೆ ಮಾಡ್ಬೇಡಿ," ಅಂದ ಅವನು, ಅವಳಿಗೇ ಸಮಾಧಾನ ಹೇಳುವ ಹಾಗೆ, ಮತ್ತು ಅಪ್ಪನ ಹಿಂದೆ ಹೋದ. ಅವಳು ಹಾಳೆಯ ಅಂಚಿನಲ್ಲಿ ಉಳಿದಿದ್ದ ಎರಡು ಸೊನ್ನೆಗಳನ್ನು ಹಾಕಿ ಕಡತ ಮುಚ್ಚಿದಳು. ಇನ್ನೂ ಐದು ಜನ ಇದ್ದರು. ಎಲ್ಲರಿಗೂ ಪರೀಕ್ಷೆ ಮಾಡಿದಳು, ಎಲ್ಲೂ ತಪ್ಪಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವಳು ನೇರ ಬಾಲ್ಕನಿಗೆ ಹೋದಳು. ಐದೂವರೆ. ಅಂಗಳದ ಆಚೆ ಬದಿಯಲ್ಲಿ, ಎರಡು ಮಹಡಿ ಕೆಳಗೆ, ಹತ್ತು ದಿನಗಳಿಂದ ಮುಚ್ಚಿದ್ದ ಕಿಟಕಿ ತೆರೆದಿತ್ತು. ಮುದುಕ ಕುರ್ಚಿ ಎಳೆದುಕೊಂಡು ಕೂತಿದ್ದ. ನಂಬಿದ್ದ. ಅವಳಿಗೆ ಒಂದು ಗಳಿಗೆ ಉಸಿರು ಸಲೀಸಾಗಿ ಹೋಗಿ ಬಂತು. ಆಮೇಲೆ ನೋಡಿದರೆ ಅವನ ಮುಖ ಗೇಟಿನ ಕಡೆಗಿರಲಿಲ್ಲ. ಕಿವಿಯನ್ನು ಕಿಟಕಿಗೆ ಕೊಟ್ಟು, ಕಣ್ಣು ಮುಚ್ಚಿ, ಕೈಯನ್ನು ತೊಡೆಯ ಮೇಲಿಟ್ಟು ಕೂತಿದ್ದ, ಬೆಳಿಗ್ಗೆ ಗಾಜಿನ ಆಚೆ ಕೂತ ಹಾಗೆಯೇ. ಇದೆ ಎಂದು ಗೊತ್ತಾದ ಮೇಲೆ ಕೇಳಿಯೇ ಕೇಳುತ್ತದೆ ಎಂದು ಅವನು ತೀರ್ಮಾನಿಸಿದ್ದ. ಒಳಗೆ ಗಂಡ ಪೇಪರು ಮಗುಚಿದ ಸದ್ದಾಯಿತು. ಎಲ್ಲೋ ನಲ್ಲಿ ಸುರಿಯುತ್ತಿತ್ತು. ಅವಳು ಕಿವಿಗೊಟ್ಟು ನಿಂತಳು, ಅದೊಂದು ಕೆಲಸ ಅವಳಿಗೆ ಬರುತ್ತಿತ್ತು. ಗಡಿಯಾರ ನೋಡಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ನೆಲಮಾಳಿಗೆಗೆ ಇಳಿಯುವ ಬಾಗಿಲಲ್ಲಿ ಬೈಕು ನಿಂತಿತ್ತು, ಹಿಂದಿನ ರಟ್ಟಿನ ಕಟ್ಟನ್ನೂ ಬಿಚ್ಚಿಯಾಗಿತ್ತು. ಯಾವಾಗ ಬಂತೋ ಅವಳಿಗೂ ಕೇಳಿಸಿರಲಿಲ್ಲ.

ಮುದುಕ ಹಾಗೇ ಕೂತಿದ್ದ. ಕೂಗಿ ಹೇಳಬೇಕು, ಬಂದ, ನಿಮ್ಮ ಮಗ ಬಂದ, ಎದ್ದು ಬಾಗಿಲು ತೆಗೀರಿ ಎಂದು. ಕಟ್ಟಡವೆಲ್ಲ ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿದರೆ, ದಪ್ಪ ದನಿ ತೆಗೆದು ಕೂಗಿದರೆ, ಕೇಳಿದರೂ ಕೇಳೀತು. ಅವಳು ಕಂಬಿ ಹಿಡಿದು ಬಾಯಿ ತೆರೆದಳು. ತುಟಿ ಆಡಿತು.

"ಏನು, ಬಂದ್ನಾ ಅವನು?" ಎಂದು ಗಂಡ ಒಳಗಿನಿಂದ ಕೇಳಿದ. "ಈಗ ಗೊತ್ತೇ ಆಗಲ್ಲ ನೋಡು."

"ಹೂಂ, ಬಂದ," ಅಂದಳು.

ಕೆಳಗಿನ ಕಿಟಕಿಯಲ್ಲಿ ಮುದುಕ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದ.